ಶನಿವಾರ ಬಿಟ್ಟುಬಂದ ಊದುಗೊಳವೆ

ಭಾನುವಾರದ ದೋಸೆಗೆ ಶನಿವಾರ ಬೆಳಿಗ್ಗೆಯೇ ರುಬ್ಬಿಟ್ಟುಬಿಡುವುದು ನನ್ನ ರೂಢಿ. ಮೊನ್ನೆ ರುಬ್ಬಿದ ಉದ್ದು ತೆಗೆದು ಪಾತ್ರೆಗೆ ಹಾಕಿ, ಗ್ರೈಂಡರಿಗೆ ಅಕ್ಕಿ ಸುರಿದೆ. ಒಂದು ಹಿಡಿ ಹೆಚ್ಚಾಯಿತೋ, ನೀರು ಕಮ್ಮಿಯಾಯಿತೋ, ಗ್ರೈಂಡರಿನ ಕಲ್ಲು ತಡವರಿಸಿತು. ಕೆಳಗಿದ್ದ ಬೆಲ್ಟು ಕೀರ್ ಎಂದಿತು. ಹಿಂದೆಯೇ ಸುಟ್ಟ ರಬ್ಬರಿನ ವಾಸನೆ ಬಂತು. ಸ್ವಿಚ್ಚು ಆರಿಸಿ, ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಫೋನು ಬಂತು. ನಮ್ಮ ಮನೆಯವರು.

"ಗಿರಿಜಾ, ಶಿವಾಜಿನಗರದಲ್ಲಿದೀನಿ. ನಮ್ಮ ಬೇಗೂರು ನಾರಾಯಣಪ್ಪೋರ ಕಾರು ಇಲ್ಲಿ ಗುಜರಿಗೆ ಬಂದಿದೆ ಕಣೇ."

"ಅಯ್ಯೋ ಶಿವನೇ."

"ಬಾನೆಟ್ ಎತ್ತಿ ನೋಡ್ದೆ. ನಾನು ಹಾಕಿದ್ದ ಗಿಡ್ಡ ಬೆಲ್ಟು ಹಂಗೇ ಇದೆ. ಡಿಕ್ಕೀಲಿ ಗೋಣಿಚೀಲ ಸುತ್ತಿ ಅದನ್ನೂ ಇಟ್ಟಿದಾರೆ. ಆ ಸೂಪರ್‌ಚಾರ್ಜರು. ತಡಿ, ಅಂಗಡಿಯೋರನ್ನ ಒಂದ್ ಮಾತು ಕೇಳ್ಬೇಕು. ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟರು.

ಏನು ಕೇಳುತ್ತಾರೆಂದು ನನಗೆ ಹೊಳೆಯಲಿಲ್ಲ. ಅಡುಗೆಮನೆ ತುಂಬ ಆ ರಬ್ಬರಿನ ವಾಸನೆ ನಿಂತಿತ್ತು. ಅದು ಆ ವರ್ಷದ ಮಳೆಗಾಲದ ವಾಸನೆಯೂ ಹೌದು.

ಪೀಣ್ಯದ ರಸ್ತೆ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಇವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಇವರ ವಿಭಾಗವನ್ನೇ ಮುಚ್ಚಿದ್ದರು. ಬೇರೆ ಕಡೆ ಕೈಕಟ್ಟಿ ನಿಲ್ಲುವುದು ಬೇಡವೆಂದು ಪೀಣ್ಯದಲ್ಲೇ ಒಂದು ಶೆಡ್ಡಿನ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದು ಎಂಜಿನ್ ಕೆಲಸ ಶುರುಮಾಡಿದರು. ಇನ್ನರ್ಧದಲ್ಲಿ ಗ್ರಿಲ್ಲು ಬೆಸೆಯುವವರು. ನಾವಿದ್ದದ್ದು ಚಿಕ್ಕಬಾಣಾವರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ. ಬಂದದ್ದೆಲ್ಲ ಆಟೋ, ಟೆಂಪೋಗಳ ಚಿಲ್ಲರೆ ಕೆಲಸ. ಮನೆ ನಡೆಯುತ್ತಿತ್ತು. ಬೆಳಗಿನ ಲಿಂಗಪೂಜೆಗೆ ಕೂತಾಗ, ಈ ಹೊತ್ತು ಒಲೆ ಹತ್ತಿತಲ್ಲ ತಂದೆ, ಸಾಕು ಎಂದೇ ಕಣ್ಣು ಮುಚ್ಚುತ್ತಿದ್ದೆ.

ಆಗ ಬಂದವರು ನಾರಾಯಣಪ್ಪ. ಬೇಗೂರಿನ ಹಳೆಯ ಮನೆತನದವರು. ಹೊಲ ಲೇಔಟಾಯಿತು. ಬಂದ ಹಣದಲ್ಲಿ ಮಗ ಒಂದು ಹಳೆಯ ಫಾರಿನ್ ಕಾರು ತಂದ. ಎಣ್ಣೆ ನೋಡದೆ ಓಡಿಸಿ ಎಂಜಿನ್ ಕೆಡಿಸಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಊರಿನವರು ಆಡಿಕೊಂಡು ನಗುತ್ತಿದ್ದರು. ಮಾರಿಬಿಡಿ ಎಂದವರೆಲ್ಲರ ಮೇಲೆ ಮುದುಕ ಹರಿಹಾಯುತ್ತಿದ್ದರು. ನಮ್ಮ ಮನೆಗೆ ಬಂದ ದಿನ ಕಾಫಿ ಲೋಟ ಹಿಡಿದು ನನಗೇ ಹೇಳಿದ್ದರು:

"ಅದು ಕಾರಲ್ಲ ಕಣಮ್ಮ. ನಮ್ಮಪ್ಪ ರಾಗಿ ಬಿತ್ತಿದ್ ಹೊಲ ಅದು. ನಾಕು ಚಕ್ರದ ಮ್ಯಾಲೆ ನಿಂತೈತೆ. ಅದನ್ನ ಇನ್ನೊಂದ್ ಕಿತ ಎಂಗಮ್ಮ ಮಾರ್ಲಿ?"

ಅವರ ಷರತ್ತು ಎರಡೇ. ಕೊಟ್ಟ ಹಣದೊಳಗೇ ಆಗಬೇಕು. ಆಯುಧಪೂಜೆಯ ದಿನ ಬೇಗೂರಿನ ದೇವಸ್ಥಾನದ ಮುಂದೆ ಗಾಡಿ ನಿಂತು ಪೂಜೆಯಾಗಬೇಕು. ಅವರ ತಂಗಿಯ ಮಗ ಮಂಜು ಎಂಬಾತ ವೈಟ್‌ಫೀಲ್ಡಿನ ಕಂಪನಿಗಳಿಗೆ ಕ್ಯಾಬು ಓಡಿಸುವ ಕಂಟ್ರಾಕ್ಟುದಾರ. "ಇದನ್ನ ಎಬ್ಬಿಸಿ ತೋರ್ಸು ಗುರು, ನನ್ನ ಅಷ್ಟೂ ಗಾಡಿ ಎಂಜಿನ್ ಕೆಲ್ಸ ನಿನ್ ಶೆಡ್ಡಿಗೇ ಬರುತ್ತೆ," ಎಂದಿದ್ದ. ಇವರಿಗೆ ಬೇಕಾಗಿದ್ದದ್ದು ಅದೇ ಮಾತು. ಆ ಒಂದು ಎಂಜಿನ್ ಗೆದ್ದರೆ ಶೆಡ್ಡು ಉಳಿಯುತ್ತಿತ್ತು.

ಆ ಸಲ ಮಳೆ ದಿನಾ ಸಂಜೆ ಹೇಳಿಕಳಿಸಿದ ಹಾಗೆ ಬರುತ್ತಿತ್ತು. ಶೆಡ್ಡಿನ ತಗಡು ಸೋರುತ್ತಿದ್ದುದರಿಂದ ಬಿಚ್ಚಿದ ಎಂಜಿನ್ ಚೀಲಚೀಲವಾಗಿ ನಮ್ಮ ಮನೆಯ ಪಡಸಾಲೆಗೆ ಬಂತು. ಪೇಪರು ಹಾಸಿ ಸಾಲಾಗಿ ಇಟ್ಟುಕೊಂಡು ಇವರು ಕೂರುವರು. ನಾನು ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಮಸಿ ಉಜ್ಜುವೆ. ಯಾವುದು ಏನೆಂದು ಹೆಸರು ಕಲಿತದ್ದು ಹಾಗೆ. ಸೂಪರ್‌ಚಾರ್ಜರ್ ಎಂಬುದನ್ನು ಅವತ್ತೇ ನಾನು ಮೊದಲು ನೋಡಿದ್ದು. ಹಿತ್ತಾಳೆ ಚೊಂಬಿನಷ್ಟು ಭಾರದ ವಸ್ತು ಎಂದುಕೊಂಡು ಎತ್ತಹೋದೆ, ಎರಡು ಕೈಗೂ ಬಗ್ಗಲಿಲ್ಲ.

"ಇದೇನ್ರೀ ಮಾಡುತ್ತೆ?"

"ನಿಮ್ಮಜ್ಜಿ ಒಲೆಗೆ ಊದ್ತಿರ್ಲಿಲ್ವಾ ಕೊಳವೇಲಿ? ಅದೇ. ಎಂಜಿನ್ನೇ ಬೆಲ್ಟಿಂದ ಇದನ್ನ ತಿರುಗ್ಸುತ್ತೆ, ಇದು ಎಂಜಿನ್ ಹೊಟ್ಟೆಗೆ ಗಾಳಿ ಊದುತ್ತೆ. ಊದಿದಷ್ಟೂ ಉರಿ ಜೋರು."

ಒಳಗೆ ಒಂದಕ್ಕೊಂದು ಹೆಣೆದ ಎರಡು ಉರುಳೆಗಳು, ಕಬ್ಬಿನ ಗಾಣದಲ್ಲಿರುವ ಹಾಗೆ. ಆದರೆ ಇವು ಒಂದನ್ನೊಂದು ಮುಟ್ಟಬಾರದು. ಕೂದಲೆಳೆಯಷ್ಟು ಜಾಗ ಬಿಟ್ಟು ತಿರುಗಬೇಕು. ಆ ಉರುಳೆಗಳನ್ನು ಹಿಡಿದಿಡುವ ಬೇರಿಂಗು ಸವೆದು, ನಾರಾಯಣಪ್ಪನವರ ಕಾರಿನದು ಮುಟ್ಟಿ ಮುಟ್ಟಿ ಗೀರು ಬಿದ್ದಿತ್ತು.

ಕಡಿಮೆ ದುಡ್ಡಿನಲ್ಲಿ ಎಂಜಿನ್ ಕಟ್ಟುವುದೂ, ಕಡಿಮೆ ದುಡ್ಡಿನಲ್ಲಿ ನಾಮಕರಣದ ಅಡುಗೆ ಮಾಡುವುದೂ ಒಂದೇ ಎಂದು ನನಗೆ ಅನ್ನಿಸಿತ್ತು. ಎಲ್ಲದರಲ್ಲೂ ಕೈ ಬಿಗಿಹಿಡಿದರೆ ಊಟ ಕೆಡುತ್ತದೆ. ಎಣ್ಣೆ, ಬೇಳೆ ಒಳ್ಳೆಯದೇ ಹಾಕಿ ಸಿಹಿಯನ್ನು ಒಂದಕ್ಕೆ ಇಳಿಸಬೇಕು. ಇವರೂ ಹಾಗೇ ಹೇಳಿದರು. ಪಿಸ್ಟನ್ನಿನ ರಿಂಗು, ಕ್ರ್ಯಾಂಕಿನ ಬೇರಿಂಗು, ಹೆಡ್ ಗ್ಯಾಸ್ಕೆಟ್ ಹೊಸದೇ ಆಗಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹೊಸ ಪಿಸ್ಟನ್ ನಮ್ಮ ಕೈಗೆ ಎಟುಕದು. ಗುಜರಿಯಲ್ಲಿ ಒಳ್ಳೆಯ ಸೆಟ್ಟು ಸಿಕ್ಕರೆ, ಪಿಸ್ಟನ್ ಓಡಾಡುವ, ಗೀರು ಬಿದ್ದ ಬೋರಿನೊಳಗೆ ಸ್ಲೀವೆಂಬ ಕೊಳವೆ ಕೂರಿಸಿ ಅದೇ ಅಳತೆಗೆ ತರಬಹುದು. ವಾಲ್ವುಗಳನ್ನು ಇರುವುದನ್ನೇ ಉಜ್ಜಿ ಹಾಕಬಹುದು.

"ಈ ಊದುಗೊಳವೆ?" ಎಂದೆ.

"ಅದೇ ತಲೆನೋವು. ಇದನ್ನ ರಿಪೇರಿ ಮಾಡಿದ್ರೆ ನಂಬೋಕಾಗಲ್ಲ. ಬೇರೆ ಗಾಡಿಯಿಂದ ಬಿಚ್ಚಿದ್ದು, ಉರುಳೆ ಅಲ್ಲಾಡೋ ಆಟ ಇಲ್ದೇ ಇರೋದು ಸಿಗ್ಬೇಕು."

ಸಿಕ್ಕಿತು. ಅದೇ ದೊಡ್ಡ ಮಾತು, ಅಷ್ಟು ದೊಡ್ಡ ಊರಿನಲ್ಲಿ ಹುಡುಕಿದ್ದು ಸಿಕ್ಕಿತು. ನನ್ನ ತಂಗಿಯ ಮಗುವಿನ ನಾಮಕರಣ ಮುಗಿಸಿಕೊಂಡು ಬರುವಾಗ, ಒಂದು ಶನಿವಾರ, ಇವರು ನನ್ನನ್ನೂ ಶಿವಾಜಿನಗರಕ್ಕೆ ಕರೆದುಕೊಂಡು ಹೋದರು. ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ನಾನು ಆ ಕಬ್ಬಿಣದ ಗುಡ್ಡೆಗಳ ನಡುವೆ ಸೆರಗು ಎತ್ತಿ ಹಿಡಿದು ನಿಂತಿದ್ದೆ. ಅಂಗಡಿಯ ಶಬ್ಬೀರ್ ಭಾಯ್ ನನಗೊಂದು ಸ್ಟೂಲು ಹಾಕಿಕೊಟ್ಟು ಟೀ ತರಿಸಿದರು. ಅಪಘಾತವಾದ ಗಾಡಿಯೊಂದರಿಂದ ಬಿಚ್ಚಿದ ಸೂಪರ್‌ಚಾರ್ಜರು ಅವರಲ್ಲಿತ್ತು. ಇವರು ಉರುಳೆಯನ್ನು ಬೆರಳಲ್ಲಿ ತಿರುಗಿಸಿ, ಕಿವಿಯಿಟ್ಟು ಕೇಳಿ, ಮೂಸಿ ನೋಡಿದರು. ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಮಾಲು ಚೊಕ್ಕವಾಗಿತ್ತು. ಹೇಳಿದ ಬೆಲೆಗೂ ನಮ್ಮ ಲೆಕ್ಕಕ್ಕೂ ಸ್ವಲ್ಪವೇ ಅಂತರ. ಶಬ್ಬೀರ್ ಭಾಯ್ ಇಳಿಯಲಿಲ್ಲ.

ಆಗ ಇವರು ಅದನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿ ನಕ್ಕರು.

"ಏನ್ ಮಾಡೋದು ಭಾಯ್, ನನಗೇನೋ ಆಸೆ. ಮನೆಯವಳು ಶನಿವಾರ ಕಬ್ಬಿಣ ಮುಟ್ಟಿಸಲ್ಲ. ಭಾರೀ ದೈವಭಕ್ತೆ. ಸೋಮವಾರ ಬರ್ತೀನಿ, ಅಷ್ಟ್ರಲ್ಲಿ ನೀವೂ ರೇಟು ಯೋಚ್ನೆ ಮಾಡಿ."

ಶಬ್ಬೀರ್ ಭಾಯ್ ನನ್ನನ್ನು ನೋಡಿದರು. "ಮೇಡಂ, ಇದು ಕಬ್ಬಿಣ ಅಲ್ಲ. ಅಲ್ಯೂಮಿನಿಯಂ. ಶನಿಮಹಾತ್ಮಂಗೆ ಇದರ ತಂಟೆ ಇಲ್ಲ, ತಗೊಂಡ್ ಹೋಗಿ."

ನಮ್ಮ ಮನೆಯಲ್ಲಿ ವಾರ ನೋಡುವ ಪದ್ಧತಿಯೇ ಇಲ್ಲ. ದಾವಣಗೆರೆಯಲ್ಲಿ ನಮ್ಮಪ್ಪ, ಶಿವ ಕೊಟ್ಟ ದಿನಗಳಲ್ಲಿ ಕೆಟ್ಟ ದಿನ ಯಾವುದಮ್ಮ ಎಂದು ಅಮಾವಾಸ್ಯೆಯ ದಿನವೇ ನನಗೆ ಅಕ್ಷರ ಬರೆಯಿಸಿದವರು. ಅದು ಇವರಿಗೂ ಗೊತ್ತು. ಆದರೂ ಚಪ್ಪಲಿಯ ತುದಿಯಿಂದ ನನ್ನ ಪಾದ ಒತ್ತಿದರು. ಸುಮ್ಮನಿರು ಎಂದು. ವ್ಯಾಪಾರದ ಮಾತು, ಗಂಡಸರು ಆಡುತ್ತಾರೆ, ಕೆಡಿಸುವುದು ಬೇಡವೆಂದು, ಹೌದೆನ್ನುವಂತೆ ತಲೆಯಾಡಿಸಿದೆ. ಶಬ್ಬೀರ್ ಭಾಯ್ "ಹಂಗಾರೆ ನಿಮ್ಮಿಷ್ಟ," ಎಂದು ಟೀ ಲೋಟ ಎತ್ತಿಕೊಂಡು ಹೋದರು.

ಬಸ್ಸಿನಲ್ಲಿ ಇವರಿಗೆ ಖುಷಿಯೋ ಖುಷಿ. "ನೋಡ್ತಿರು, ಸೋಮವಾರಕ್ಕೆ ಇಳೀತಾನೆ. ನಿನ್ ವಿಭೂತಿ ನೋಡಿ ನಂಬಿಬಿಟ್ಟ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಹಣೆಯ ಮೇಲಿನದು ಉರಿದ ಹಾಗಾಯಿತು.

ಸೋಮವಾರ ಇವರು ಹೋದಾಗ ಅದು ಇರಲಿಲ್ಲ. ಶನಿವಾರ ಸಂಜೆಯೇ ಬೇರೆ ಯಾರೋ ಹೇಳಿದ ಬೆಲೆ ಕೊಟ್ಟು ಒಯ್ದಿದ್ದರು. "ಅವರಿಗೆ ಶನಿವಾರದ ತಂಟೆ ಇರಲಿಲ್ಲ ಸಾಬ್," ಎಂದರಂತೆ ಶಬ್ಬೀರ್ ಭಾಯ್.

ಆಮೇಲೆ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯೆಲ್ಲ ಸುತ್ತಿದರು. ಸಿಕ್ಕಿದ್ದಕ್ಕೆಲ್ಲ ಆಟವಿತ್ತು, ಇಲ್ಲವೇ ಬೆಲೆ ಆಕಾಶದಲ್ಲಿತ್ತು. ಆಯುಧಪೂಜೆ ಹತ್ತಿರ ಬಂತು. ಕೊನೆಗೆ ಗೀರು ಬಿದ್ದ ಹಳೆಯದನ್ನೇ ನುಣುಪು ಮಾಡಿಸಿ, ಪೀಣ್ಯದಲ್ಲೇ ಅದೇ ಅಳತೆಯ ಬೇರಿಂಗು ತಂದು ಕೂರಿಸಿದರು. ಅಳತೆ ಸರಿಯಾಗಿತ್ತು. ಆದರೆ ಅಷ್ಟು ವೇಗಕ್ಕೆ ಮಾಡಿದ ಬೇರಿಂಗಲ್ಲ ಅದು. ಪಂಪಿಗೋ ಮೋಟರಿಗೋ ಹಾಕುವಂಥದ್ದು. ರಾತ್ರಿ ಊಟಕ್ಕೆ ಕೂತಾಗ ಅವರೇ ಹೇಳಿದ್ದರು, "ನಿಧಾನಕ್ಕೆ ಓಡ್ಸಿದ್ರೆ ಏನಾಗಲ್ಲ."

"ನಾರಾಯಣಪ್ಪನೋರಿಗೆ ಒಂದ್ಮಾತು ಹೇಳ್ಬಿಡಿ," ಎಂದೆ.

"ಹೇಳಿದ್ರೆ ಮಂಜುಗೆ ಹೇಳ್ದಂಗೇ. ಹೇಳಿದ್ ದಿನಾನೇ ಆ ಕ್ಯಾಬುಗಳನ್ನ ಮರ್ತುಬಿಡು."

ಆಯುಧಪೂಜೆಯ ಬೆಳಿಗ್ಗೆ ಬೇಗೂರಿಗೆ ಹೋದೆವು. ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ ದೇವಸ್ಥಾನದ ಮುಂದೆ ನಿಲ್ಲಿಸಿದ್ದರು. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಸೀಮೆಎಣ್ಣೆಯಲ್ಲಿ ಅದರ ಹೊಟ್ಟೆ ಉಜ್ಜಿದವಳು ನಾನೇ ಎಂದು ನನಗೂ ಒಂದು ಹೆಮ್ಮೆ ಬಂತು. ನಾರಾಯಣಪ್ಪ ಹೊಸ ಪಂಚೆ ಉಟ್ಟು, ಬಂದವರಿಗೆಲ್ಲ "ನೋಡ್ರಪ್ಪ, ಎದ್ ನಿಂತೈತೆ," ಎನ್ನುತ್ತಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಕುಂಬಳಕಾಯಿ ಒಡೆದರು. ಇವರು ಸ್ಟಾರ್ಟು ಮಾಡಿ ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಿದರು. ಎಂಜಿನ್ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ನಾನು ಕಣ್ಣು ಮುಚ್ಚಿ ಶಿವನಿಗೆ ಕೈ ಮುಗಿದೆ.

"ಸೂಪರ್‌ಚಾರ್ಜರ್ ಅಂತೀಯಲ್ಲ ಗುರು, ಒಂದ್ಸಲ ಕೂಗ್ಸು ಮತ್ತೆ!" ಎಂದು ಮಂಜು ಕೂಗಿದ. ಹುಡುಗರೆಲ್ಲ ಸೀಟಿ ಹಾಕಿದರು.

ಇವರು ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಅಷ್ಟು ಜನರ ಮುಂದೆ ಬೇಡವೆನ್ನಲು ಅವರಿಂದ ಆಗಲಿಲ್ಲ. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದರು. ಮೊದಲು ಒಂದು ಸಿಳ್ಳೆ ಏರಿತು, ಕೇಳಲು ಚೆನ್ನಾಗಿಯೇ ಇತ್ತು. ಆಮೇಲೆ ಒಳಗೆ ಏನೋ ಕಚ್ಚಿಕೊಂಡಿತು. ಬೆಲ್ಟು ಕೀರ್ ಎಂದು ಅರಚಿತು, ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು, ಸುಟ್ಟ ರಬ್ಬರಿನ ವಾಸನೆಯಲ್ಲಿ ಕರ್ಪೂರ ಊದುಬತ್ತಿಯ ವಾಸನೆಯೆಲ್ಲ ಮುಳುಗಿಹೋಯಿತು. ಪಟ್ಟೆಂದು ಹರಿದ ಬೆಲ್ಟಿನ ಚೂರು ಒಡೆದ ಕುಂಬಳಕಾಯಿಯ ಮೇಲೆ ಬಿತ್ತು. ಆ ಕ್ಷಣವೇ ಕೀಲಿ ತಿರುಗಿಸಿ ಆರಿಸಿದರಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಯಾರಿಗೂ ಏನೂ ಆಗಲಿಲ್ಲ. ಎಂಜಿನ್ ಕೂಡ ಉಳಿಯಿತು.

ಜನ ಸುತ್ತುಗಟ್ಟಿದರು. ಬಾನೆಟ್ ಎತ್ತಿದಾಗ ಮಂಜು ಬಗ್ಗಿ ನೋಡಿ ಕೇಳಿದ: "ಇದು ಹಳೇದೇ ಅಲ್ವಾ ಗುರು? ಬೇರೇದು ಸಿಕ್ಕೈತೆ ಅಂದಿದ್ಯಲ್ಲ?"

ಇವರ ಮುಖ ಬೆವರಿ ಹೋಗಿತ್ತು. ನಾರಾಯಣಪ್ಪ ಬಾಯಿ ತೆರೆದುಕೊಂಡು ನಿಂತಿದ್ದರು. ಇವರು ಯಾರನ್ನೂ ನೋಡದೆ ಹೇಳಿದರು:

"ಸಿಕ್ಕಿತ್ತು. ಶನಿವಾರ ಕಬ್ಬಿಣ ತರಬೇಡಿ ಅಂತ ಇವ್ಳು ಹಟ ಹಿಡಿದ್ಳು. ಸೋಮವಾರಕ್ಕೆ ಹೊರಟೋಯ್ತು."

ಅಷ್ಟೂ ಜನ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಮಂಗಳಾರತಿಯ ತಟ್ಟೆ ಇತ್ತು. ಅಲ್ಲ ಎಂದರೆ ನನ್ನ ಗಂಡ ಊರಿನ ಮುಂದೆ ಸುಳ್ಳುಗಾರ. ಹೌದು ಎಂದರೆ ಇಲ್ಲದ ಮೂಢನಂಬಿಕೆಯವಳು ನಾನು. ತಟ್ಟೆಯಲ್ಲಿನ ದೀಪ ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದುಕೊಂಡು ನಿಂತೆ.

ಯಾರೋ ನಕ್ಕರು. ಮಂಜು ಕೈ ಝಾಡಿಸಿ, "ಹೆಂಡ್ತಿ ಪಂಚಾಂಗ ಕೇಳ್ಕೊಂಡ್ ಸ್ಪೇರ್ ತರೋರತ್ರ ನಾನ್ ಗಾಡಿ ಬಿಡಲ್ಲಪ್ಪ. ನಮ್ದು ಶನಿವಾರಾನೂ ಓಡೋ ಗಾಡಿ," ಎಂದ. ಮತ್ತೆ ನಗು. ಕ್ಯಾಬುಗಳ ಮಾತು ಅಲ್ಲಿಗೆ ಮುಗಿಯಿತು.

ಅದಕ್ಕಿಂತ ನಾಚಿಕೆಯಾದದ್ದು ಬೇರೆ. ನಾರಾಯಣಪ್ಪನವರ ಹೆಂಡತಿ ಲಕ್ಷ್ಮಮ್ಮ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ಬೇಜಾರ್ ಮಾಡ್ಕಬೇಡ ಕಣವ್ವ. ವಾರ ನೋಡೋದು ಒಳ್ಳೇದೇಯ. ನಾವು ನೋಡ್ದೆ ಕೆಟ್ಟೊ. ಈ ಕಾರ ನಮ್ ಹುಡ್ಗ ತಂದಿದ್ದೂ ಶನಿವಾರಾನೇ." ನಾನು ಮಾಡದ ನೇಮಕ್ಕೆ ಆ ತಾಯಿ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರ ಕೈಯಲ್ಲಿ ಮಡಿಲಕ್ಕಿ ತುಂಬಿಸಿಕೊಂಡು ಬಂದೆ.

ಇವರು ಮರುದಿನವೇ ಬೇಗೂರಿಗೆ ಹೋಗಿ ಸೂಪರ್‌ಚಾರ್ಜರನ್ನು ಬಿಚ್ಚಿ ತೆಗೆದು, ಗಾಳಿಯ ದಾರಿ ತಿರುಗಿಸಿ, ಗಿಡ್ಡ ಬೆಲ್ಟು ಹಾಕಿ ಕಾರನ್ನು ಸಾದಾ ಕಾರಿನ ಹಾಗೆ ಓಡುವಂತೆ ಮಾಡಿದರು. ಏರಿನಲ್ಲಿ ಏದುಸಿರು ಬಿಡುತ್ತಿತ್ತಂತೆ. ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಆರುತ್ತಲೇ ಇರಲಿಲ್ಲ. ನಾರಾಯಣಪ್ಪ ಅದಕ್ಕೆ ನಂದಾದೀಪ ಎಂದು ಹೆಸರಿಟ್ಟರು. ಬಯ್ಯಲಿಲ್ಲ. "ಊದದಿದ್ರೂ ಉರೀತೈತಲ್ಲ, ಸಾಕು ಬುಡು," ಎಂದರಂತೆ. ಅದರಲ್ಲೇ ಹುಲ್ಲಿನ ಹೊರೆ, ಬೂಸಾ ಚೀಲ ಹೇರಿಕೊಂಡು ಓಡಾಡಿದರು. ಬಿಚ್ಚಿದ್ದನ್ನು ಮಾತ್ರ ಎಸೆಯಗೊಡಲಿಲ್ಲ. ಕಾರಿನ ವಸ್ತು ಕಾರಿನಲ್ಲೇ ಇರಲಿ ಎಂದು ಡಿಕ್ಕಿಯಲ್ಲಿ ಇಡಿಸಿಕೊಂಡರು.

ಆ ಕತೆ ಪೀಣ್ಯಕ್ಕೂ ಬಂತು. ಮಧ್ಯಾಹ್ನ ಬುತ್ತಿ ಕೊಡಲು ಹೋದರೆ ಗ್ರಿಲ್ಲಿನ ಶೆಡ್ಡಿನವರು, "ಅಕ್ಕಾ, ಇವತ್ತು ಯಾವ ವಾರ? ವೆಲ್ಡಿಂಗ್ ಮಾಡ್ಬೋದಾ?" ಎನ್ನುವರು. ತಮಾಷೆಗೇ, ಕೆಟ್ಟ ಮನಸ್ಸಿನಿಂದಲ್ಲ. ನಾನೂ ನಕ್ಕು, ಟಿಫನ್ ಕ್ಯಾರಿಯರು ಇಟ್ಟು ಬರುತ್ತಿದ್ದೆ. ಇವರು ತಲೆ ತಗ್ಗಿಸಿ ಸ್ಪ್ಯಾನರು ಒರೆಸುತ್ತಿರುತ್ತಿದ್ದರು. ಆಮೇಲಾಮೇಲೆ ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿ ಕೊಡಲು ಶುರುಮಾಡಿದೆ.

ಲಿಂಗಪೂಜೆಗೆ ಕೂತಾಗ ಬಹಳ ದಿನ ನನ್ನ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಅವನನ್ನು ಇಟ್ಟುಕೊಂಡು, ನಿನ್ನ ಹೆಸರಿನಲ್ಲಿ ಚೌಕಾಸಿ ಮಾಡಿದೆವು ತಂದೆ ಎನ್ನುತ್ತಿದ್ದೆ. ನೊಂದದ್ದು ಬೇರೆ, ನಾಚಿದ್ದು ಬೇರೆ. ಇವರು ತಪ್ಪನ್ನು ನನ್ನ ಮೇಲೆ ಹಾಕಿದ್ದಕ್ಕೆ ನೋವಾಗಿತ್ತು, ಅದು ದಿನ ಕಳೆದಂತೆ ಹೋಯಿತು. ನಾಚಿಕೆ ಹೋಗಲಿಲ್ಲ. ಹಣೆಯ ವಿಭೂತಿಯನ್ನು ಗುಜರಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟ ಹಾಗೆ ಅನ್ನಿಸುತ್ತಿತ್ತು.

ಅವರು ಆ ಮಾತನ್ನು ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಶೆಡ್ಡು ಮುಚ್ಚಲಿಲ್ಲ, ದೊಡ್ಡದೂ ಆಗಲಿಲ್ಲ. ಆಟೋಗಳು ಬಂದವು, ಹೋದವು. ಹೊಟ್ಟೆಗೆ ಬಟ್ಟೆಗೆ ಕೊರತೆಯಾಗಲಿಲ್ಲ. ಒಂದನ್ನು ಮಾತ್ರ ನಾನು ಗಮನಿಸಿದ್ದೆ. ಆಮೇಲೆ ಒಮ್ಮೆಯೂ ಅವರು ಯಾವ ಅಂಗಡಿಗೂ ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ, ಗ್ರೈಂಡರಿಗೆ ಒಂದು ಲೋಟ ನೀರು ಹಾಕಿ, ಬೆಲ್ಟು ಆರಲೆಂದು ಬಿಟ್ಟಿದ್ದೆ. ಮತ್ತೆ ಫೋನು ಬಂತು. ಹಿಂದೆ ತಗಡು ಬಡಿಯುವ ಸದ್ದು.

"ಗಿರಿಜಾ. ಅದನ್ನ ತೂಕದ ಬೆಲೆಗೆ ಕೊಡ್ತಾರಂತೆ. ಸುಮ್ನೆ, ಒಂದ್ ನೆನಪಿಗೆ… ತರ್ಲಾ?" ಎಂದು ತಡೆದು, ದನಿ ತಗ್ಗಿಸಿದರು. "ಇವತ್ತು ಶನಿವಾರ."

ಇಷ್ಟು ಕೇಳಲು ಅವರಿಗೆ ಇಷ್ಟು ವರ್ಷ ಹಿಡಿಯಿತು.

"ನಮ್ಮನೇಲಿ ವಾರ ನೋಡಲ್ಲ ಕಣ್ರೀ. ತನ್ನಿ."

ಫೋನು ಕಿವಿಯಲ್ಲೇ ಇತ್ತು. ಅವರು ಆ ಕಡೆ ತಿರುಗಿ ಯಾರಿಗೋ ಜೋರಾಗಿ ಹೇಳಿದ್ದು ಕೇಳಿಸಿತು. "ಶಬ್ಬೀರ್ ಭಾಯ್, ನಮ್ಮನೇಲಿ ವಾರ ನೋಡಲ್ಲ. ಅವತ್ತೂ ನೋಡ್ತಿರ್ಲಿಲ್ಲ. ನಾನೇ ಹಂಗಂದಿದ್ದು."

ದೂರದಿಂದ ಒಂದು ಮುದಿ ದನಿ ನಗುತ್ತ ಹೇಳಿತು: "ಗೊತ್ತು ಸಾಬ್. ಅಮ್ಮನ ಮುಖ ನೋಡೇ ಅವತ್ತೇ ಗೊತ್ತಾಗಿತ್ತು."

ಹಾಗಾದರೆ ಆ ಸುಳ್ಳಿಗೆ ನಾನು ತಲೆಯಾಡಿಸಿದ್ದನ್ನೂ ಅವರು ಸರಿಯಾಗಿಯೇ ನೋಡಿದ್ದರು. ಫೋನಿಟ್ಟು ಕೈ ತೊಳೆದೆ. ಗ್ರೈಂಡರಿನ ಬೆಲ್ಟು ತಣ್ಣಗಾಗಿತ್ತು. ಅರ್ಧ ಅಕ್ಕಿ ತೆಗೆದಿಟ್ಟು, ಉಳಿದರ್ಧವನ್ನು ಮೊದಲು ರುಬ್ಬಿದೆ. ಆಮೇಲೆ ತೆಗೆದಿಟ್ಟದ್ದನ್ನೂ ರುಬ್ಬಿ, ಎರಡನ್ನೂ ಉದ್ದಿನ ಹಿಟ್ಟಿಗೆ ಸೇರಿಸಿ, ಉಪ್ಪು ಹಾಕಿ, ಕೈಯಿಂದ ಕಲಸಿ, ರಾತ್ರಿ ಉಬ್ಬಲು ಜಾಗ ಬಿಟ್ಟು ಮುಚ್ಚಿಟ್ಟೆ.